ಬುತ್ತಿಗಂಟಿನೊಳಗಿನ ಪದ್ಯ

ಪಕ್ಕದ ಮನೆಯ ಹುಡುಗಿ, ಮೂರು ತಿಂಗಳ ಕೂಸಿನ ತಾಯಿ, ಹೋದ ತಿಂಗಳು ಒಂದು ಸಂಜೆ ಬಂದು ಮಗುವಿಗೆ ಬಜೆ ತೇಯ್ದು ಕೊಡಿ ಎಂದು ಕೇಳಿದಳು. ಅವಳಿಗೆ ಎಷ್ಟು ಸುತ್ತು ತೇಯಬೇಕೆಂದು ಗೊತ್ತಿಲ್ಲವಂತೆ, ಹೆಚ್ಚಾದರೆ ಏನಾಗುತ್ತದೋ ಎಂಬ ಭಯವಂತೆ. ಸಾಣೆಕಲ್ಲಿಗೆ ಎರಡು ಹನಿ ನೀರು ಬಿಟ್ಟು ಬೇರಿನ ತುಂಡನ್ನು ತಿರುಗಿಸಿದೆನೋ ಇಲ್ಲವೋ, ಕಹಿಗೆ ಸ್ವಲ್ಪ ಖಾರ, ಸ್ವಲ್ಪ ಹಸಿಮಣ್ಣು ಬೆರೆಸಿದಂಥ ಆ ವಾಸನೆ ಮೂಗಿಗೆ ಏರಿತು. ಕೈ ನಿಂತುಹೋಯಿತು. ಏನಾಯ್ತು ಅಂತ ಹುಡುಗಿ ಕೇಳಿದಳು, ಏನಿಲ್ಲ ಅಂದೆ. ಊರಿಗೆಲ್ಲ ಬಜೆಯ ವಾಸನೆ ಎಂದರೆ ಕೂಸಿನ ವಾಸನೆ. ನನಗೆ ಮಾತ್ರ ಅದು ಪುಸ್ತಕದ ವಾಸನೆ. ಶಿಕಾರಿಪುರದ ನಮ್ಮ ಮನೆಯ ನಡುಕೋಣೆಯಲ್ಲಿ ನೀಲತ್ತೆಯ ಹಸಿರು ತಗಡಿನ ಟ್ರಂಕು ಇತ್ತು. ಹುಳ ಹಿಡಿಯಬಾರದೆಂದು ಅವಳು ಒಂದೊಂದು ಪುಸ್ತಕದ ನಡುವೆಯೂ ಬಜೆಯ ಚೂರು ಇಟ್ಟಿದ್ದಳು. ಮುಚ್ಚಳ ತೆರೆದರೆ ಆ ವಾಸನೆ ಮೊದಲು, ಅವಳ ಪುಸ್ತಕ ಆಮೇಲೆ ಹೊರಗೆ ಬರುತ್ತಿದ್ದವು. ಆ ಮನೆ ಈಗಿಲ್ಲ. ಆ ಜಾಗದಲ್ಲಿ ಮೊಬೈಲ್ ರಿಪೇರಿ ಅಂಗಡಿಯೂ ಅದರ ಮೇಲೊಂದು ಲಾಡ್ಜೂ ಇವೆ.

ನಮ್ಮದು ಅನುಮಾನದ ಮನೆ. ಕೆಲವು ಮನೆಗಳಲ್ಲಿ ಸಂಗೀತ ಇರುತ್ತದೆ, ಕೆಲವು ಮನೆಗಳಲ್ಲಿ ಜಗಳ ಇರುತ್ತದೆ, ನಮ್ಮ ಮನೆಯಲ್ಲಿ ಅನುಮಾನ ಇತ್ತು. ಅದರ ಮೂಲ ನಮ್ಮ ಅಜ್ಜಿ. ಅವಳ ತವರು ತೊಗರ್ಸಿ. ಅಲ್ಲಿಂದ ಬರುವಾಗ ತವರಿನವರು ಏನು ಬಳುವಳಿ ಕೊಟ್ಟರೋ ಗೊತ್ತಿಲ್ಲ, ಒಂದು ಗಂಟನ್ನಂತೂ ಅವಳು ತಂದಿದ್ದಳು. ತುಪ್ಪದ ಗಡಿಗೆ, ಬೆಲ್ಲದ ಮಡಕೆ, ಉಪ್ಪಿನಕಾಯಿ ಜಾಡಿ ಎಲ್ಲದರ ಬಾಯಿಗೂ ಬಟ್ಟೆ ಕಟ್ಟಿ, ದಾರವನ್ನು ಎರಡು ಸುತ್ತು ತಂದು, ತುದಿಯನ್ನು ಬಲಗಡೆಗೆ ಒಳಕ್ಕೆ ಸಿಕ್ಕಿಸಿ ಹಾಕುವ ಗಂಟು. ಯಾರಾದರೂ ಬಿಚ್ಚಿ ಮತ್ತೆ ಕಟ್ಟಿದರೆ ಅಜ್ಜಿಗೆ ದೂರದಿಂದಲೇ ತಿಳಿಯುತ್ತಿತ್ತು. ತವರಿನ ದೇವರು ತೊಗರ್ಸಿ ಮಲ್ಲಪ್ಪನ ಮೇಲೆ ಆಣೆ ಹಾಕಿದರೂ ಅವಳು ನಂಬುತ್ತಿರಲಿಲ್ಲ, ಗಂಟನ್ನು ಮಾತ್ರ ನಂಬುತ್ತಿದ್ದಳು. ದೊಡ್ಡಪ್ಪ ಅವಳ ಹಿರಿಮಗ, ಹುಣಸೆಹಣ್ಣು ಮೆಣಸಿನಕಾಯಿ ವ್ಯಾಪಾರ. ಮೂಟೆಯ ಮೇಲ್ಭಾಗದ ಹಣ್ಣನ್ನು ಎಂದೂ ನೋಡದೆ ನೇರ ತಳಕ್ಕೆ ಕೈ ಹಾಕುವ ಮನುಷ್ಯ. ಮನುಷ್ಯರ ವಿಷಯದಲ್ಲೂ ಅವರದು ಅದೇ ಲೆಕ್ಕ. ನಿಮ್ಮ ಬಾಲ್ಯದಲ್ಲೂ ಇಂಥದೊಂದು ಮನೆ ಇದ್ದಿರಬೇಕು. ಇಲ್ಲ ಎಂದು ನೀವು ಹೇಳಿದರೆ ನಾನು ಸುಲಭಕ್ಕೆ ನಂಬುವವಳಲ್ಲ. ಅಜ್ಜಿಯ ಮೊಮ್ಮಗಳು ತಾನೆ.

ನೀಲತ್ತೆ ನನ್ನ ಅಪ್ಪನಿಗೂ ದೊಡ್ಡಪ್ಪನಿಗೂ ಒಬ್ಬಳೇ ತಂಗಿ. ನನಗೆ ಮೂರು ವರ್ಷವಾಗಿದ್ದಾಗ ನನ್ನ ಅಮ್ಮ ತೀರಿಕೊಂಡಳು. ಅಪ್ಪ ಸೊರಬದ ತಾಲೂಕು ಕಚೇರಿಯಲ್ಲಿ ಗುಮಾಸ್ತ, ಅಲ್ಲೇ ಒಂದು ಕೋಣೆ ಹಿಡಿದು ಇದ್ದು ಶನಿವಾರ ಸಂಜೆ ಮನೆಗೆ ಬರುತ್ತಿದ್ದ. ಹಾಗಾಗಿ ನನ್ನ ತಲೆ ಬಾಚಿದ್ದು, ಜ್ವರ ಬಂದಾಗ ಪಕ್ಕದಲ್ಲಿ ಕೂತದ್ದು, ಮಗ್ಗಿ ತಪ್ಪಿದರೆ ಕಿವಿ ಹಿಂಡಿದ್ದು ಎಲ್ಲ ನೀಲತ್ತೆ. ಅವಳು ಎಡಚಿ. ಅಜ್ಜಿ ಬೈದೂ ಬೈದೂ ಊಟಕ್ಕೆ ಬಲಗೈ ರೂಢಿ ಮಾಡಿಸಿದ್ದಳು, ಉಳಿದೆಲ್ಲ ಕೆಲಸಕ್ಕೂ ಆ ಎಡಗೈಯೇ ಮುಂದೆ ಬರುತ್ತಿತ್ತು. ನನ್ನ ಜಡೆಯೂ ಅದಕ್ಕೇ ಬೇರೆ ಹುಡುಗಿಯರ ಜಡೆಗಿಂತ ಉಲ್ಟಾ ಹೆಣೆದಂತೆ ಕಾಣುತ್ತಿತ್ತು. ಐವತ್ತರ ದಶಕದ ಕೊನೆಯಲ್ಲಿ, ಇದೆಲ್ಲ ನಡೆದ ವರ್ಷ, ಅವಳಿಗೆ ಹದಿನೆಂಟೋ ಹತ್ತೊಂಬತ್ತೋ, ನನಗೆ ಹತ್ತು. ಹಿಂದಿನ ವರ್ಷ ಎಸ್ಸೆಸ್ಸೆಲ್ಸಿಯಲ್ಲಿ ಎಲ್ಲ ವಿಷಯ ಪಾಸಾಗಿ ಇಂಗ್ಲಿಷಿನಲ್ಲಿ ಮಾತ್ರ ಫೇಲಾಗಿದ್ದಳು. ಇನ್ನೊಂದು ಸಲ ಕೂರುತ್ತೇನೆ ಎಂದು ಅವಳು ಎರಡು ದಿನ ಊಟ ಬಿಟ್ಟಾಗ ದೊಡ್ಡಪ್ಪ ಒಪ್ಪಿದರು, ಆದರೆ ಟ್ಯೂಶನ್ನು ಗೀಷನ್ನು ಏನೂ ಇಲ್ಲ, ಮನೆಯಲ್ಲೇ ಓದಿ ಬರಿ, ಇದೇ ಕೊನೆ ಅಂದರು. ಆಗಲೇ ಸೊರಬದ ಕಡೆಯ ಹೊಸಬಾಳೆಯ ಒಂದು ಮನೆತನದಿಂದ ಸಂಬಂಧದ ಮಾತು ಬಂದುಹೋಗಿತ್ತು.

ಅಪ್ಪನಿಗೆ ತಂಗಿಯ ಮೇಲೆ ಜೀವ. ಅಣ್ಣನಿಗೆ ಎದುರಾಡುವ ಧೈರ್ಯ ಇರಲಿಲ್ಲವಾದ್ದರಿಂದ ಹಿಂದಿನಿಂದ ಒಂದು ದಾರಿ ಮಾಡಿದ. ನೀಲತ್ತೆಗೆ ಹೈಸ್ಕೂಲಿನಲ್ಲಿ ಇಂಗ್ಲಿಷ್ ಹೇಳಿದ್ದ ಮೇಷ್ಟ್ರು ಒಬ್ಬರು ಸೊರಬಕ್ಕೆ ವರ್ಗವಾಗಿ ಹೋಗಿದ್ದರು. ಕೂದಲು ಹಣ್ಣಾದವರು, ಮೊಮ್ಮಕ್ಕಳಿದ್ದವರು. ಅವರನ್ನು ಅಪ್ಪ ಒಪ್ಪಿಸಿದ. ಪಾಠ ನಡೆದದ್ದು ಬುತ್ತಿಯಲ್ಲಿ. ಅಪ್ಪನಿಗೆ ಹೋಟೆಲಿನ ಊಟ ಆಗುತ್ತಿರಲಿಲ್ಲ. ಅದಕ್ಕೆ ಅಜ್ಜಿ ದಿನ ಬಿಟ್ಟು ದಿನ ಜೋಳದ ರೊಟ್ಟಿ, ಪಲ್ಯ, ಶೇಂಗಾ ಚಟ್ನಿಪುಡಿಯನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ, ದಾರದ ಅದೇ ಗಂಟು ಹಾಕಿ ಬೆಳಗಿನ ಸೊರಬದ ಬಸ್ಸಿಗೆ ಕೊಡಿಸುತ್ತಿದ್ದಳು. ಸಂಜೆಯ ಬಸ್ಸಿಗೆ ಖಾಲಿ ಡಬ್ಬಿ, ಬಟ್ಟೆ ವಾಪಸು ಬರುತ್ತಿತ್ತು. ಬುತ್ತಿ ಒಯ್ಯುವುದೂ ತರುವುದೂ ನೀಲತ್ತೆಯ ಕೆಲಸ, ಅವಳ ಸೆರಗು ಹಿಡಿದು ನಾನು. ಬಸ್ ಸ್ಟ್ಯಾಂಡಿನ ಹಿಂದಿನ ಹುಣಸೆಮರದ ಕೆಳಗೆ ಅವಳು ಅಜ್ಜಿಯ ಗಂಟು ಬಿಚ್ಚಿ, ಮಡಿಸಿದ ಹಾಳೆಯನ್ನು ರೊಟ್ಟಿಯ ಕೆಳಗಿಟ್ಟು, ಮತ್ತೆ ಅದೇ ರೀತಿ ಕಟ್ಟುತ್ತಿದ್ದಳು. ಅಪ್ಪ ಅದನ್ನು ಮೇಷ್ಟ್ರಿಂದ ತಿದ್ದಿಸಿ ಸಂಜೆಯ ಡಬ್ಬಿಯಲ್ಲಿ ಇಟ್ಟು ಕಳಿಸುತ್ತಿದ್ದ. ಹೊರಗೆ ಹೋಗುವ ಗಂಟನ್ನು ಅಜ್ಜಿ ನೋಡುತ್ತಿರಲಿಲ್ಲ, ಒಳಗೆ ಬರುವ ಗಂಟು ಅಪ್ಪನದಾಗಿರುತ್ತಿತ್ತು. ಎಲ್ಲರ ಕಣ್ಣು ತಪ್ಪಿಸಿ ನಾಲ್ಕು ತಿಂಗಳು ಹೀಗೆ ಇಂಗ್ಲಿಷ್ ಪದ್ಯಗಳು ಚಟ್ನಿಪುಡಿಯ ವಾಸನೆ ಹೊತ್ತು ಓಡಾಡಿದವು.

ಗದ್ಯ ಅವಳಿಗೆ ಬರುತ್ತಿತ್ತು, ಪದ್ಯ ಬಂದರೆ ಎದೆ ಒಡೆಯುತ್ತಿತ್ತು. ಹೋದ ಸಲ ಮುಳುಗಿದ್ದೂ ಅಲ್ಲೇ. ಮೇಷ್ಟ್ರು ಅದಕ್ಕೊಂದು ಉಪಾಯ ಹೇಳಿದ್ದರು. ಮೊದಲು ಪದ್ಯವನ್ನು ಪೂರ್ತಿ ಬರೆದುಕೊಳ್ಳಬೇಕು. ಆಮೇಲೆ ಇನ್ನೊಂದು ಹಾಳೆಯಲ್ಲಿ, ಒಂದು ಮಾತನ್ನು ಇನ್ನೊಂದು ಮಾತಿಗೆ ಸೇರಿಸುವ ಪದಗಳನ್ನಷ್ಟೇ ಅವುಗಳ ಜಾಗದಲ್ಲೇ ಉಳಿಸಿ, ಬಾಕಿಯೆಲ್ಲ ಪದಗಳನ್ನು ತೆಗೆದು, ಸಾಲು ಎಷ್ಟು ಉದ್ದವಿದೆಯೋ ಅಷ್ಟುದ್ದ ಗೀಟು ಎಳೆಯಬೇಕು. ನಾಲ್ಕು ಸಾಲಿಗೊಮ್ಮೆ ಜಾಗ ಬಿಡಬೇಕು. ಆಗ ಪದ್ಯದ ಎಲುಬು ಕಾಣುತ್ತದೆ, ಎಲ್ಲಿ ತಿರುಗುತ್ತದೆ, ಎಲ್ಲಿ ಕಾಯುತ್ತದೆ, ಎಲ್ಲಿ ಒಪ್ಪಿಕೊಂಡ ಹಾಗೆ ಮಾಡಿ ಒಪ್ಪದೆ ಹೋಗುತ್ತದೆ ಎಲ್ಲ ಗೊತ್ತಾಗುತ್ತದೆ, ಅರ್ಥ ಆಮೇಲೆ ತಾನೇ ಬರುತ್ತದೆ ಎಂದು ಅವರ ವಾದ. ನೀಲತ್ತೆ ಇದನ್ನು ನನಗೆ ಹೇಳಿಕೊಟ್ಟದ್ದು ಅಜ್ಜಿಯ ಭಾಷೆಯಲ್ಲಿ. ಪಡಸಾಲೆಯಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕೂತಿದ್ದಾಗ ಅವಳು ಪಿಸುಗುಟ್ಟಿದಳು: "ಪದ್ಯ ಅಂದ್ರ ಬುತ್ತಿ ಇದ್ದಂಗ ಗೌರಿ. ಎಲ್ಲಾ ಕಡೆ ಎಳದ್ರ ಬಿಚ್ಚಂಗಿಲ್ಲ. ಗಂಟು ಎಲ್ಲೈತಿ ನೋಡು, ಅಲ್ಲಿ ಕೈ ಹಾಕು." ಇಂಗ್ಲಿಷಿನ ನಾಲ್ಕಕ್ಷರ ಬರದಿದ್ದ ನನಗೂ ಅದು ಕೂಡಲೇ ತಿಳಿಯಿತು. ನಾವಿಬ್ಬರೂ ಅಜ್ಜಿಯ ಮಾತಿಗೇ ಅದನ್ನು ಹಚ್ಚಿ ನೋಡಿದೆವು. ಹುಡುಗಿ ಚೆಂದ ಅದಾಳ, ಆದ್ರ... ಮಳಿ ಚೆಂದಾಗ್ಯದ, ಆದ್ರ... ಎಂದು ಅಜ್ಜಿ ಶುರು ಮಾಡಿದರೆ ನೀಲತ್ತೆ ಎಡಗೈಯ ಬೆರಳಿನಿಂದ ಗಾಳಿಯಲ್ಲಿ ಒಂದು ಸೊನ್ನೆ ಸುತ್ತುತ್ತಿದ್ದಳು. ನಮ್ಮ ಮನೆಯಲ್ಲಿ ಆ ಪದಕ್ಕಿಂತ ಮೊದಲು ಬಂದ ಯಾವ ಹೊಗಳಿಕೆಗೂ ಕವಡೆಯ ಕಿಮ್ಮತ್ತಿರಲಿಲ್ಲ. ನಾನು ಬಾಯಿಗೆ ಲಂಗ ಒತ್ತಿಕೊಂಡು ನಗುತ್ತಿದ್ದೆ. ನಾವು ನಕ್ಕದ್ದು ಯಾಕೆಂದು ಅಜ್ಜಿಗೆ ಮತ್ತೊಂದು ಅನುಮಾನ.

ಅವಳು ಬರೆಯುತ್ತಿದ್ದದ್ದು ಕಾಪಿ ಪೆನ್ಸಿಲಿನಲ್ಲಿ. ನಾಲಗೆಗೆ ತಾಗಿಸಿ ಬರೆದರೆ ಅಕ್ಷರ ನೇರಳೆ ಬಣ್ಣಕ್ಕೆ ತಿರುಗುತ್ತಿತ್ತು, ನಾಲಗೆಯೂ ತಿರುಗುತ್ತಿತ್ತು. ಮಾಘಮಾಸದ ಒಂದು ದಿನ ಅಜ್ಜಿ ಅವಳ ಗಲ್ಲ ಹಿಡಿದು ಬಾಯಿ ತೆಗೆಸಿ ನೋಡಿದಳು, ನೇರಳೆಹಣ್ಣಿನ ಕಾಲ ಅಲ್ಲವಲ್ಲ, ಯಾರು ತಂದುಕೊಟ್ಟರು ಅಂದಳು. ಪೆನ್ಸಿಲು ಎಂದರೂ ನಂಬದೆ ಪೆನ್ಸಿಲನ್ನು ತಾನೇ ನೆಕ್ಕಿ ನೋಡಿ, ಕನ್ನಡಿಯಲ್ಲಿ ನಾಲಗೆ ನೋಡಿಕೊಂಡ ಮೇಲೆ ಸುಮ್ಮನಾದಳು. ಆ ದಿನ ಇಡೀ ಮನೆಯಲ್ಲಿ ಮೂವರ ನಾಲಗೆ ನೇರಳೆ, ಯಾಕೆಂದರೆ ನಾನೂ ನೆಕ್ಕಿದ್ದೆ. ಅದನ್ನು ನೆನೆದರೆ ನನಗೆ ಈಗಲೂ ನಗು ಬರುತ್ತದೆ, ನಗು ಮುಗಿದ ಕೂಡಲೇ ಬೇರೆಯದು ಬರುತ್ತದೆ.

ಆ ಬೇರೆಯದನ್ನು ಹೇಳಲೇಬೇಕು. ಪರೀಕ್ಷೆಗೆ ಒಂದು ತಿಂಗಳಿದ್ದಾಗ ನೀಲತ್ತೆ ನನ್ನ ಜಡೆ ಹಾಕುತ್ತ, ಬಹಳ ಖುಷಿಯಲ್ಲಿ, ಪಾಸಾದರೆ ಶಿವಮೊಗ್ಗದಲ್ಲಿ ಟ್ರೈನಿಂಗ್ ಓದಿ ಮೇಡಂ ಆಗುತ್ತೇನೆ, ಅಲ್ಲಿ ಹಾಸ್ಟೆಲ್ ಇದೆಯಂತೆ, ನಿಮ್ಮಪ್ಪ ವಿಚಾರಿಸಿದ್ದಾನೆ ಎಂದಳು. ನಾನು? ಅಂದೆ. ನೀನು ಅಜ್ಜಿ ಹತ್ತಿರ ಇರ್ತೀಯ, ರಜೆಗೆ ಬರ್ತೀನಲ್ಲ ಅಂದಳು. ಅಷ್ಟೇ. ಆವತ್ತಿನಿಂದ ನಾನೂ ಅನುಮಾನದ ಕಣ್ಣಿನಿಂದ ನೋಡತೊಡಗಿದೆ. ಬುತ್ತಿಯಲ್ಲಿ ಹೋಗುವ ಪ್ರತಿ ಹಾಳೆಯೂ ಅವಳನ್ನು ಸ್ವಲ್ಪ ಸ್ವಲ್ಪವಾಗಿ ಶಿವಮೊಗ್ಗಕ್ಕೆ ಸಾಗಿಸುತ್ತಿದೆ ಎನ್ನಿಸುತ್ತಿತ್ತು. ವಾಪಸು ಬಂದ ಹಾಳೆಯಲ್ಲಿ ಸರಿ ಎಂದು ಮೇಷ್ಟ್ರು ಹಾಕಿದ ಕೆಂಪು ಗುರುತುಗಳು ಹೆಚ್ಚಾದಷ್ಟೂ ಅವಳ ಮುಖ ಅರಳುತ್ತಿತ್ತು, ನಾನು ಎದ್ದು ಹೊರಗೆ ಹೋಗುತ್ತಿದ್ದೆ. ಅಮ್ಮ ಹೇಳದೆ ಹೋದಳು, ಇವಳು ಹೇಳಿ ಹೋಗುತ್ತಿದ್ದಾಳೆ. ಇವಳು ಫೇಲಾಗಲಿ ಎಂದು ನಾನು ದೇವರಕೋಣೆಯಲ್ಲಿ ಕೈ ಮುಗಿದು ಕೇಳಿದ್ದೂ ಉಂಟು.

ಪರೀಕ್ಷೆಯ ಹಿಂದಿನ ದಿನ ಬೆಳಿಗ್ಗೆ ಕೊನೆಯ ಹಾಳೆ ಹೊರಟಿತು. ಹನ್ನೆರಡು ಸಾಲಿನ ಪದ್ಯ, ಮೇಷ್ಟ್ರ ಪುಸ್ತಕದ್ದು; ಪೂರ್ತಿ ಬರೆದ ಹಾಳೆ ಹಿಂದಿನ ಬುತ್ತಿಯಲ್ಲೇ ಅವರಿಗೆ ಹೋಗಿತ್ತು, ಅದರ ಕತೆಯನ್ನು ಅವಳು ನನಗೆ ಹೇಳಿದ್ದಳು. ಚಳಿನಾಡಿನ ಒಬ್ಬ ಮುದುಕಿ ಪೇರ್ ಹಣ್ಣಿನ ಗಿಡ ನೆಡುವ ವಿಷಯ. ನೆಲ ಗಟ್ಟಿಯಾಗಿದೆ, ಆದರೆ ಅವಳು ಗುದ್ದಲಿ ಹಿಡಿಯುತ್ತಾಳೆ. ನೆರೆಯವರು ನಗುತ್ತಾರಾದರೂ, ಗುಂಡಿ ಮೊಣಕಾಲುದ್ದ ಆಗುವ ತನಕ ಅಗೆಯುತ್ತಾಳೆ. ಆ ಮರದ ಹಣ್ಣು ತನಗೆ ಸಿಗುವುದಿಲ್ಲವೆಂದು ಅವಳಿಗೆ ಗೊತ್ತು, ಆದರೂ ನೀರು ಹಾಕುತ್ತಾಳೆ, ಆಮೇಲೆ ಕೈ ತೊಳೆದು ಒಳಗೆ ಹೋಗುತ್ತಾಳೆ. ಹಾಳೆಯಲ್ಲಿ ಇದ್ದದ್ದು ಐದೇ ಪದ: ಬಟ್, ಆಲ್‌ದೋ, ಅಂಟಿಲ್, ಯೆಟ್, ದೆನ್. ಉಳಿದದ್ದೆಲ್ಲ ಗೀಟು. ಎಲ್ಲಕ್ಕಿಂತ ಕೆಳಗೆ, ಪ್ರತಿ ಹಾಳೆಯಲ್ಲೂ ಅವಳು ಬರೆಯುವಂತೆ, ಕನ್ನಡದಲ್ಲಿ 'ದಯಮಾಡಿ ತಿದ್ದಿ ಕಳಿಸಿರಿ' ಎಂಬ ಒಂದು ಸಾಲು. ಸಂಜೆಯ ಬಸ್ಸಿಗೆ ತಿದ್ದುಪಡಿ ಬಂದರೆ ಬೆಳಿಗ್ಗೆ ಒಮ್ಮೆ ನೋಡಿಕೊಂಡು ಹೋಗುತ್ತೇನೆ ಅಂದಿದ್ದಳು. ಆದರೆ ಬಸ್ಸೇ ಬರಲಿಲ್ಲ. ದಾರಿಯಲ್ಲಿ ಕೆಟ್ಟು ನಿಂತಿದೆ, ಮಧ್ಯಾಹ್ನದ ಬಸ್ಸಿಗೆ ಕೊಡಿ ಎಂದರು. ಅಷ್ಟು ಹೊತ್ತು ಅಲ್ಲಿ ನಿಲ್ಲುವಂತಿರಲಿಲ್ಲ. ಬುತ್ತಿ ಹಿಡಿದು ಮನೆಗೆ ಬಂದೆವು. ನಾಲ್ಕು ತಿಂಗಳಲ್ಲಿ ಮೊದಲ ಸಲ ಹೊರಗೆ ಹೋದ ಗಂಟು ಅಜ್ಜಿಯ ಕಣ್ಣಿಗೆ ಬಿತ್ತು.

ಬುತ್ತಿಯನ್ನು ಕಟ್ಟೆಯ ಮೇಲಿಟ್ಟು ನೀಲತ್ತೆ ನೀರು ಕುಡಿಯಲು ಒಳಗೆ ಹೋದಳು. ಅಜ್ಜಿ ಅದನ್ನು ನೋಡಿದಳು, ಬಗ್ಗಿ ನೋಡಿದಳು. "ಈ ಗಂಟು ನಂದಲ್ಲ," ಅಂದಳು. ದಾರದ ತುದಿ ಎಡಗಡೆಗೆ ಸಿಕ್ಕಿಕೊಂಡಿತ್ತು. ಎಲ್ಲವನ್ನೂ ಕರಾರುವಾಕ್ಕಾಗಿ ಕಲಿತಿದ್ದ ನೀಲತ್ತೆ ತನ್ನ ಕೈ ಯಾವುದೆಂಬುದನ್ನು ಮರೆತಿದ್ದಳು. ಅಜ್ಜಿ ಬುತ್ತಿ ಬಿಚ್ಚಿದಳು, ರೊಟ್ಟಿಯ ಕೆಳಗಿನ ಹಾಳೆ ದೊಡ್ಡಪ್ಪನ ಕೈಗೆ ಹೋಯಿತು. ದೊಡ್ಡಪ್ಪನಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ, ಗೀಟುಗಳಂತೂ ಬರಲೇ ಇಲ್ಲ. ಅವರು ಹಾಳೆಯನ್ನು ಬಿಸಿಲಿಗೆ ಹಿಡಿದು ನೋಡಿದರು, ತಿರುಗಿಸಿ ನೋಡಿದರು. ನಿಂಬೆರಸದಲ್ಲಿ ಬರೆದಿದ್ದರೆ ಬಿಸಿಗೆ ಮೂಡುತ್ತದೆ ಎಂದು ಯಾರೋ ಎಂದೋ ಹೇಳಿದ್ದು ನೆನಪಾಗಿ ಒಲೆಯ ಕೆಂಡದ ಮೇಲೆ ಹಿಡಿದರು. ಒಂದು ಮೂಲೆ ಕಂದಾಯಿತೇ ಹೊರತು ಏನೂ ಮೂಡಲಿಲ್ಲ. ಏನೂ ಮೂಡದೇ ಇದ್ದದ್ದು ಅವರ ಅನುಮಾನವನ್ನು ಹೆಚ್ಚಿಸಿತು. ಹಾಳೆಯನ್ನು ಜೇಬಿಗೆ ಹಾಕಿಕೊಂಡು, ಕಚೇರಿಯ ಮುಂದೆ ಕೂತು ಅರ್ಜಿ ಬರೆದುಕೊಡುವ ಒಬ್ಬ ಮುದುಕರ ಹತ್ತಿರ ಹೋದರು.

ಆ ಅರ್ಜಿ ಬರೆಯುವವರು ಹೇಳಿದ್ದನ್ನು ದೊಡ್ಡಪ್ಪ ಮಧ್ಯಾಹ್ನ ಬಂದು ಪಡಸಾಲೆಯಲ್ಲಿ ನಿಂತೇ ಹೇಳಿದರು. ಜನ್ಮವೆಲ್ಲ ಇನ್ನೊಬ್ಬರ ವ್ಯಾಜ್ಯವನ್ನೇ ಬರೆದವರಿಗೆ ಪದ್ಯ ಎಲ್ಲಿಂದ ಕಾಣಬೇಕು. ಆದರೆ, ಆದಾಗ್ಯೂ, ತನಕ, ಆದರೂ, ಆಮೇಲೆ. ನಡುವೆ ಬರೀ ಗೀಟು. ಇದು ಹೆಸರು, ಜಾಗ, ಹೊತ್ತು ಎಲ್ಲ ಬಿಟ್ಟು ಬರೆದ ಕಾಗದ, ಬರೆದವರಿಗೂ ಓದುವವರಿಗೂ ಮಾತ್ರ ತಿಳಿಯುವಂಥದ್ದು ಎಂದಿದ್ದರಂತೆ. ಕೆಳಗಿನ ಕನ್ನಡದ ಸಾಲು ನೀಲತ್ತೆಯನ್ನು ಉಳಿಸಬೇಕಿತ್ತು, ಅದೇ ಅವಳನ್ನು ಮುಳುಗಿಸಿತು. ತಿದ್ದಿ ಕಳಿಸಿ ಎಂದರೆ ಬಿಟ್ಟ ಜಾಗವನ್ನು ಆ ಕಡೆಯ ಗಂಡಸು ಯಾವನೋ ತುಂಬಿ ಕಳಿಸಬೇಕು ಎಂದು ಅದಕ್ಕೂ ಅರ್ಥ ಸಿಕ್ಕಿತ್ತು. ಅನುಮಾನಕ್ಕೆ ಅನ್ನವೇ ಬೇಕಿಲ್ಲ, ಗಾಳಿ ಕುಡಿದೂ ಬದುಕುತ್ತದೆ. ನೀಲತ್ತೆ ಅಳಲಿಲ್ಲ. ಇದು ಪಾಠ, ನಾಳೆಯ ಪರೀಕ್ಷೆಯದು, ಸೊರಬದ ಮೇಷ್ಟ್ರಿಗೆ ಹೋಗುವಂಥದು, ಸಣ್ಣಣ್ಣನಿಗೆ ಎಲ್ಲ ಗೊತ್ತಿದೆ ಎಂದು ಬಿಡಿಸಿ ಬಿಡಿಸಿ ಹೇಳಿದಳು. ಪಾಠ ಎಂದರೆ ತುಂಬಿರಬೇಕು, ಇದರಲ್ಲಿ ಮಾತೇ ಇಲ್ಲವಲ್ಲ ಅಂದರು ದೊಡ್ಡಪ್ಪ. ಶನಿವಾರ ತಮ್ಮ ಬರಲಿ, ಕೇಳೋಣ, ಅಲ್ಲಿಯವರೆಗೆ ಹೊಸ್ತಿಲು ದಾಟಬಾರದು, ಇಂಥ ಮಾತನ್ನು ಬಸ್ಸಿನವರ ಕೈಯಲ್ಲಿ ಹೇಳಿಕಳಿಸಲು ಆಗುವುದಿಲ್ಲ. ಅಂದು ಮಂಗಳವಾರ. ಪರೀಕ್ಷೆ ಬುಧವಾರ.

ಆಗ ಅವಳು ನನ್ನ ಕಡೆ ನೋಡಿದಳು. ನಾನು ಅಜ್ಜಿಯ ಪಕ್ಕದಲ್ಲಿ ಹುಣಸೆಬೀಜ ಆರಿಸುತ್ತಿದ್ದೆ. "ಗೌರಿಗೂ ಹೇಳಿಕೊಟ್ಟೀನಣ್ಣ," ಅಂದಳು. "ಇದನ್ನ ಹೆಂಗ ಬರೀತಾರ, ಯಾಕ ಬರೀತಾರ, ಅಕಿಗೆ ಎಲ್ಲಾ ಗೊತ್ತೈತಿ. ಅಕೀನ್ನ ಕೇಳ್ರಿ."

ದೊಡ್ಡಪ್ಪ ನನ್ನ ಮುಂದೆ ಕೂತರು. ನನ್ನೊಡನೆ ಅವರು ಯಾವತ್ತೂ ಗಟ್ಟಿಯಾಗಿ ಮಾತಾಡಿದವರಲ್ಲ. ಹಾಳೆಯನ್ನು ನನ್ನ ತೊಡೆಯ ಮೇಲಿಟ್ಟು, "ಇದು ಏನು ಅಂತ ನಿಂಗ ಗೊತ್ತೈತೇನವ್ವ?" ಅಂದರು. ಅಜ್ಜಿಯ ಕೈ ಹುಣಸೆಯಲ್ಲೇ ನಿಂತಿತು. ನಾನು ಹೇಳಬಹುದಿತ್ತು. ಗೀಟು ಎಂದರೆ ಸಾಲು, ಈ ಪದಗಳು ಗಂಟು, ಮುದುಕಿ, ಗುದ್ದಲಿ, ಪೇರ್ ಗಿಡ, ಒಂದೂ ಬಿಡದೆ ಹೇಳಬಹುದಿತ್ತು. ಹೇಳಿದರೆ ಅವಳು ನಾಳೆ ಪರೀಕ್ಷೆಗೆ ಹೋಗುತ್ತಾಳೆ, ಪಾಸಾಗುತ್ತಾಳೆ, ಹಾಸ್ಟೆಲಿಗೆ ಹೋಗುತ್ತಾಳೆ. ನೆನಪನ್ನು ನಾನು ಪೂರ್ತಿ ನಂಬುವವಳಲ್ಲ; ಆ ದಿನ ಯಾವ ಲಂಗ ಉಟ್ಟಿದ್ದೆ, ಒಲೆಯ ಮೇಲೆ ಏನು ಬೇಯುತ್ತಿತ್ತು ಎಂದೆಲ್ಲ ಕೇಳಿದರೆ ಹೇಳಲಾರೆ. ಆದರೆ ನಾನು ನೆಲ ನೋಡುತ್ತ ಹೇಳಿದ ಮಾತು ಮಾತ್ರ ಕಿವಿಯಲ್ಲಿ ಹಾಗೆಯೇ ಇದೆ.

"ಗೊತ್ತಿಲ್ಲ."

ಮರುದಿನ ಬೆಳಿಗ್ಗೆ ಹೈಸ್ಕೂಲಿನ ಗಂಟೆ ನಮ್ಮ ಮನೆಗೆ ಚೆನ್ನಾಗಿ ಕೇಳಿಸಿತು. ನಾಲ್ಕು ಬೀದಿಯಾಚೆ, ತೂಗುಹಾಕಿದ ಒಂದು ರೈಲುಕಂಬಿಯ ತುಂಡು. ಮೊದಲ ಗಂಟೆಗೆ ನೀಲತ್ತೆ ತಲೆ ಎತ್ತಿದಳು. ಎರಡನೆಯ ಗಂಟೆಗೆ ಎತ್ತಲಿಲ್ಲ. ಪಡಸಾಲೆಯಲ್ಲಿ ಕೂತು ಎಡಗೈಯಿಂದ ಹುಣಸೆಹಣ್ಣು ಕುಟ್ಟುತ್ತಿದ್ದಳು, ಅಜ್ಜಿ ಆವತ್ತು ಎಡಗೈ ಎಂದು ಬೈಯಲಿಲ್ಲ. ನಡುವೆ ಒಮ್ಮೆ ನೀರು ಕುಡಿಯಲು ಬಾಯಿ ತೆರೆದಳು, ನಾಲಗೆ ಇನ್ನೂ ನೇರಳೆಯಾಗಿಯೇ ಇತ್ತು. ಶನಿವಾರ ಅಪ್ಪ ಬಂದ. ವಿಷಯ ತಿಳಿದು ಅಲ್ಲೇ ಕಂಬಕ್ಕೆ ಒರಗಿ ನಿಂತುಬಿಟ್ಟ. ಭಾನುವಾರ ಸೊರಬಕ್ಕೆ ಹೋಗಿ ಮೇಷ್ಟ್ರನ್ನೇ ಕರೆತಂದ. ಅವರು ಪೂರ್ತಿ ಪದ್ಯವನ್ನೂ ಗೀಟಿನ ಹಾಳೆಯನ್ನೂ ಅಕ್ಕಪಕ್ಕ ಇಟ್ಟು ದೊಡ್ಡಪ್ಪನಿಗೆ ತೋರಿಸಿದರು. ದೊಡ್ಡಪ್ಪ ಬಹಳ ಹೊತ್ತು ನೋಡಿ, ಮೊದಲೇ ಹೇಳಬೇಕಿತ್ತು ಅಂದರು. ಅವಳು ಮೊದಲೇ ಹೇಳಿದ್ದಳು. ಅಷ್ಟರಲ್ಲಿ ಗುರುವಾರವೇ ಅವರು ಹೊಸಬಾಳೆಯವರಿಗೆ ಮಾತು ಕೊಟ್ಟು ಬಂದಾಗಿತ್ತು, ಕೊಟ್ಟ ಮಾತು ಹಿಂದೆ ತೆಗೆದುಕೊಳ್ಳುವ ಮನೆತನ ನಮ್ಮದಲ್ಲ. ವೈಶಾಖದಲ್ಲಿ ಮದುವೆಯಾಯಿತು. ಅಪ್ಪ ಆಮೇಲೆ ಅಣ್ಣನ ಜೊತೆ ಮೊದಲಿನಂತೆ ಮಾತಾಡಿದ್ದನ್ನು ನಾನು ಕಾಣಲಿಲ್ಲ. ನೀಲತ್ತೆ ಹೋಗಬಾರದೆಂದು ನಾನು ಸುಳ್ಳು ಹೇಳಿದ್ದೆ. ಅವಳು ಹೋದಳು, ಹಾಸ್ಟೆಲಿನ ಹುಡುಗಿಯಾಗಿ ರಜೆಗೆ ಬರುವುದನ್ನೂ ಕಳೆದುಕೊಂಡು ಹೋದಳು.

ಶಿವಮೊಗ್ಗದ ಹಾಸ್ಟೆಲಿಗೆ ಹೋದದ್ದು ನಾನು. ಟ್ರೈನಿಂಗ್ ಮುಗಿಸಿ ಇಂಗ್ಲಿಷ್ ಮೇಡಂ ಆದದ್ದೂ ನಾನು. ಮೂವತ್ತೈದು ವರ್ಷ ಹೈಸ್ಕೂಲು ಮಕ್ಕಳಿಗೆ ಪದ್ಯ ಹೇಳಿದೆ, ಮೊದಲು ಗಂಟು ಹುಡುಕಿ ಎಂದೇ ಶುರು ಮಾಡುತ್ತಿದ್ದೆ. ಪದ್ಯ ಹೇಳುವುದಾದರೆ ಆ ಮೇಡಂ ಹೇಳಬೇಕು ಎಂದು ನನಗೆ ಹೆಸರೂ ಬಂತು. ಅದು ಯಾರ ವಿದ್ಯೆ ಎಂದು ಯಾರಿಗೂ ಹೇಳಲಿಲ್ಲ. ಹೊಸಬಾಳೆಗೆ ಹಬ್ಬಕ್ಕೆ, ಮದುವೆ ಮುಂಜಿಗೆ ಹೋಗುತ್ತಿದ್ದೆ, ನೀಲತ್ತೆ ಎಂದಿನಂತೆ ನನ್ನ ಜಡೆ ಹಿಡಿದು, ಎಷ್ಟು ತೆಳ್ಳಗಾಯಿತು ಎಂದು ಬೈಯುತ್ತಿದ್ದಳು. ಆ ಮಂಗಳವಾರದ ಮಾತು ನಮ್ಮ ನಡುವೆ ಬರಲೇ ಇಲ್ಲ. ಮರೆತಳೇ, ಮರೆತ ಹಾಗೆ ಮಾಡುತ್ತಾಳೆಯೇ, ಮನಸ್ಸಿನಲ್ಲಿಟ್ಟು ಕಾಯುತ್ತಿದ್ದಾಳೆಯೇ ಎಂದು ನಾನು ಅವಳ ಮುಖವನ್ನು ಗಡಿಗೆಯ ಬಾಯಿ ನೋಡಿದಂತೆ ನೋಡುತ್ತಿದ್ದೆ. ರಿಟೈರಾದ ವರ್ಷ ಕೊನೆಗೂ ತಡೆಯಲಾಗಲಿಲ್ಲ. ಅವಳ ಹಿತ್ತಿಲ ಕಟ್ಟೆಯಲ್ಲಿ ಇಬ್ಬರೇ ಕೂತಿದ್ದಾಗ, ಆವತ್ತು ನನಗೆ ಗೊತ್ತಿತ್ತು, ಗೊತ್ತಿದ್ದೂ ಗೊತ್ತಿಲ್ಲ ಅಂದೆ ಎಂದು ಹೇಳಿಬಿಟ್ಟೆ. ಅವಳು ಅವರೆಕಾಯಿ ಬಿಡಿಸುವುದನ್ನು ನಿಲ್ಲಿಸಲಿಲ್ಲ.

"ನಂಗೆ ಗೊತ್ತಿತ್ತಲೆ ಮಾರಾಯ್ತಿ," ಅಂದಳು. ಅಷ್ಟು ವರ್ಷ ಸೊರಬದ ಸೀಮೆಯಲ್ಲಿದ್ದು ಅವಳ ಮಾತೇ ಬದಲಾಗಿತ್ತು. ಮತ್ತೆ ಯಾಕೆ ಒಂದು ದಿನವೂ ಕೇಳಲಿಲ್ಲ ಅಂದೆ. "ಕೇಳಿದ್ರೆ ನೀನು ಇನ್ನೊಂದು ಸುಳ್ಳು ಹೇಳ್ಬೇಕಾಗಿತ್ತು. ಹತ್ತು ವರ್ಷದ ಕೂಸಿಗೆ ಒಂದೇ ಸಾಕು ಅನ್ಸ್ತು." ನನಗೆ ಅಳು ಬಂತು. ಅವಳು ಎಡಗೈಯಿಂದ ನನ್ನ ಬೆನ್ನು ತಟ್ಟಿ ಅವರೆಕಾಯಿಯ ಬುಟ್ಟಿಯನ್ನು ನನ್ನ ಕಡೆಗೆ ಸರಿಸಿದಳು. ಮದುವೆಯಾಗಿ ಬಂದು ಟ್ರಂಕು ತೆರೆದಾಗ ಸೀರೆಗಳ ತಳದಲ್ಲಿ ಆ ಹಾಳೆ ಇತ್ತು, ಪಕ್ಕದಲ್ಲಿ ಬಜೆಯ ಚೂರು, ಇಟ್ಟದ್ದು ಅಜ್ಜಿಯೇ ಇರಬೇಕು ಎಂದು ಆಗ ಹೇಳಿದಳು. ತಪ್ಪಾಯಿತು ಎಂದು ಅಜ್ಜಿ ಯಾರಿಗೂ ಹೇಳಿದವಳಲ್ಲ, ಇಷ್ಟೇ ಅವಳಿಂದ ಆದದ್ದು.

ಮರುದಿನ ನಾನು ಹೊರಡುವಾಗ ಅವಳು ಬುತ್ತಿ ಕಟ್ಟಿಕೊಟ್ಟಳು. ಶಿವಮೊಗ್ಗದ ಮನೆಯಲ್ಲಿ ಬಿಚ್ಚಲು ಹೋದರೆ ದಾರದ ತುದಿ ಎಡಗಡೆಗೆ ಸಿಕ್ಕಿಕೊಂಡಿತ್ತು. ರೊಟ್ಟಿಯ ಕೆಳಗೆ, ಪ್ಲಾಸ್ಟಿಕ್ ಕವರಿನಲ್ಲಿ, ಅದೇ ಹಾಳೆ. ಕಂದು ಬಣ್ಣದ ಮೂಲೆ, ಮಾಸಿದ ನೇರಳೆ ಅಕ್ಷರ. ನಾನು ಏನು ಮಾಡಿದೆ ಗೊತ್ತೇ? ಗೀಟುಗಳ ನಡುವೆ ಅವಳು ಏನಾದರೂ ಬರೆದಿದ್ದಾಳೆಯೇ ಎಂದು ಹುಡುಕಿದೆ. ತಿರುಗಿಸಿ ನೋಡಿದೆ. ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಏನೂ ಇರಲಿಲ್ಲ. ಅಂದ ಮೇಲೆ ಇದು ನನ್ನ ಮುಖಕ್ಕೆ ಹಿಡಿದ ಕನ್ನಡಿಯೇ ಸರಿ, ಬಾಯಲ್ಲಿ ಕ್ಷಮಿಸಿದ ಹಾಗೆ ಮಾಡಿ ಬುತ್ತಿಯಲ್ಲಿ ಬೈದು ಕಳಿಸಿದ್ದಾಳೆ ಎಂದುಕೊಂಡೆ. ಮೇಜಿನ ಖಾನೆಗೆ ಹಾಕಿ ಮುಚ್ಚಿದೆ. ಎಂಟು ದಿನ ಬಿಟ್ಟು ಅವಳ ಫೋನು ಬಂತು. ಬುತ್ತಿ ಬಿಚ್ಚಿದೆಯಾ ಅಂದಳು. ರೊಟ್ಟಿ ಮೆತ್ತಗಿದ್ದವು, ಪಲ್ಯ ಚೆನ್ನಾಗಿತ್ತು ಅಂದೆ. ನಾನು ಮತ್ತೇನಾದರೂ ಹೇಳುತ್ತೇನೇನೋ ಎಂದು ಅವಳು ಕಾಯುತ್ತಿದ್ದಳು ಅನಿಸುತ್ತದೆ. ಆಮೇಲೆ ಆರೋಗ್ಯ ನೋಡಿಕೋ ಎಂದು ಫೋನ್ ಇಟ್ಟಳು. ಕಾರ್ತಿಕದಲ್ಲಿ ಅವಳ ಮಗ ಫೋನ್ ಮಾಡಿ, ಅವ್ವ ಬೆಳಿಗ್ಗೆ ಹೋದಳು ಅಂದ.

ಕ್ರಿಯೆ ಮುಗಿಸಿ ಬಂದು ಖಾನೆ ತೆರೆದೆ. ಅಷ್ಟು ತಿಂಗಳಲ್ಲಿ ಮೊದಲ ಸಲ ಆ ಹಾಳೆಯನ್ನು ಮೇಡಂ ಓದಿದ ಹಾಗೆ ಓದಿದೆ. ಮೂರು ಭಾಗ, ನಾಲ್ಕು ನಾಲ್ಕು ಸಾಲು, ನಡುವೆ ಜಾಗ. ಉದ್ದದ ಸಾಲಿಗೆ ಉದ್ದದ ಗೀಟು, ಗಿಡ್ಡ ಸಾಲಿಗೆ ಗಿಡ್ಡ ಗೀಟು. ಐದು ಪದ, ಎಷ್ಟೋ ವರ್ಷ ನಾನೇ ಪಾಠ ಹೇಳಿದ್ದ ಆ ಪದ್ಯದಲ್ಲಿ ಇರುವಂತೆಯೇ, ತಮ್ಮ ತಮ್ಮ ಜಾಗದಲ್ಲಿ. ಕೊನೆಗೆ, ನಾನು ನೋಡಿಯೂ ನೋಡದೆ ಬಿಟ್ಟಿದ್ದ ಸಾಲು: ದಯಮಾಡಿ ತಿದ್ದಿ ಕಳಿಸಿರಿ. ಅದರಲ್ಲಿ ಬೈಗುಳ ಇರಲಿಲ್ಲ. ಗುಟ್ಟೂ ಇರಲಿಲ್ಲ. ಮೇಷ್ಟ್ರಿಗೆ ತಲುಪದೆ ಉಳಿದ ಹಾಳೆ ಅದು. ತಾನು ಬರೆದದ್ದು ಸರಿಯೋ ತಪ್ಪೋ ಎಂದು ಅವಳಿಗೆ ಆವತ್ತೂ ತಿಳಿಯಲಿಲ್ಲ, ಆಮೇಲೂ ತಿಳಿಯಲಿಲ್ಲ. ಮನೆಯಲ್ಲಿ ಇಂಗ್ಲಿಷ್ ಮೇಡಂ ಅಂತ ಇದ್ದವಳು ನಾನೊಬ್ಬಳೇ. ಅದಕ್ಕೆ ನನಗೆ ಕಳಿಸಿದ್ದಳು.

ಕೆಂಪು ಪೆನ್ನು ತೆಗೆದು ಐದು ಗುರುತು ಹಾಕಿದೆ, ಕೆಳಗೆ ಸಹಿ ಮಾಡಿದೆ. ಒಂದು ಬಿಳಿ ಬಟ್ಟೆಯಲ್ಲಿ ಬಜೆಯ ಚೂರಿನ ಜೊತೆ ಕಟ್ಟಿಟ್ಟಿದ್ದೇನೆ. ಎಡಗಡೆಗೆ ಸಿಕ್ಕಿಸುವುದು ನನ್ನ ಕೈಗೆ ಬರುವುದಿಲ್ಲ, ಹೇಗೋ ಕಟ್ಟಿದೆ. ಸೊರಬದ ಬಸ್ಸು ಈಗಲೂ ಬೆಳಿಗ್ಗೆ ಹೊರಡುತ್ತದೆ. ಒಂದೂ ತಪ್ಪಿರಲಿಲ್ಲ, ನೀಲತ್ತೆ.